ಯಾವಾಗಕ್ಕನ ವಾರ್ಡಿನಲ್ಲಿ ‘ಈಗ್ಬಂದೆ’ ಅನ್ನುವಂತಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ದನೆಯ ವಾರ್ಡಿನ ಕೊನೆಯ ಮಂಚದಲ್ಲಿ ಮಲಗಿರುವ ವಯಸ್ಸಾದ ಟೈಲರ್ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸವರುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಎದ್ದು ಕೂರಬೇಕು ಅನ್ನುತ್ತಾರೆ. ಕೂರಿಸಿದರೆ ಮಲಗಬೇಕು ಅನ್ನುತ್ತಾರೆ. ನೀಲಿ ಸಮವಸ್ತ್ರದ ಆಯಾ ಅವರ ಬೆನ್ನ ಹಿಂದೆ ದಿಂಬು ಸರಿಸುತ್ತಾ ಕೇಳುತ್ತಾರೆ, “ಹೊಲಿಗೆ ಸರಿ ಇದೆಯಾ ಯಜಮಾನ್ರೇ?”

“ಅಂಚು ಬಿಚ್ಕೊಂಡಿದೆ ತಾಯಿ. ಯಾವನು ಹೊಲ್ದಿದ್ದು ಇದನ್ನ?”

“ನಿಮ್ಮ ಹತ್ರ ಕಲೀದೇ ಇರೋನು.”

ಟೈಲರ್ ನಗುತ್ತಾರೆ. ನಕ್ಕಿದ್ದಕ್ಕೇ ಏದುಸಿರು ಬರುತ್ತದೆ. ಆಯಾ ಒದ್ದೆ ಹತ್ತಿಯಿಂದ ಅವರ ಒಣಗಿದ ತುಟಿ ಒರೆಸಿ, ಮಂಡಿಗಳ ನಡುವೆ ಒಂದು ದಿಂಬಿಟ್ಟು, ಮಗ್ಗುಲು ಬದಲಿಸುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಗೋಡೆಗೊರಗಿ ನಿಂತು ಸುಮ್ಮಸುಮ್ಮನೆ ಮೊಬೈಲ್ ತೆಗೆದು ನೋಡುತ್ತೇನೆ. ಮೆಸೇಜೇನೂ ಬಂದಿಲ್ಲ. ನಿಜ ಹೇಳಬೇಕೆಂದರೆ ನನಗೆ ಇಲ್ಲಿಂದ ಓಡಿಹೋಗಬೇಕು ಅನ್ನಿಸುತ್ತಿದೆ.

ಬೋರ್ಡಿನ ಮೇಲೆ ‘ಉಪಶಮನ ಆರೈಕೆ ವಿಭಾಗ’ ಎಂದು ಬರೆದಿದೆ. ಜನ ಕರೆಯುವುದು ‘ಕೊನೆ ವಾರ್ಡು’ ಎಂದು. ಕಾಯಿಲೆ ಇನ್ನು ವಾಸಿಯಾಗದು ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ರೋಗಿಗಳು ಇಲ್ಲಿಗೆ ಬರುತ್ತಾರೆ. ನೋವಿಗೆ, ಉಸಿರಾಟದ ಕಷ್ಟಕ್ಕೆ, ಈ ಚಡಪಡಿಕೆಗೆ ಡಾಕ್ಟರು ಔಷಧಿ ಬರೆಯುತ್ತಾರೆ, ನರ್ಸು ಕೊಡುತ್ತಾರೆ. ಔಷಧಿ ಕೆಲಸ ಮಾಡುವವರೆಗೆ, ಮಾಡಿದ ಮೇಲೂ, ಪಕ್ಕದಲ್ಲಿ ಇರುವವರು ಈ ಆಯಾ. ಒರೆಸುವುದು, ಬಳಿಯುವುದು, ಬಟ್ಟೆ ಬದಲಿಸುವುದು, ಬೈಸಿಕೊಳ್ಳುವುದು ಎಲ್ಲವೂ ಅವರದೇ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಯಾವಾಗಕ್ಕ’ ಎಂದು.

ಆ ಹೆಸರು ಯಾಕೆ ಬಂತೆಂದು ನನಗೆ ಗೊತ್ತಾಗಿದ್ದು ಟೈಲರ್ ಮಗನಿಂದ. ಆತ ಒಳಗೆ ಬರುತ್ತಾನೆ, ಅಪ್ಪನ ಕಾಲ ಬಳಿ ನಿಲ್ಲುತ್ತಾನೆ, ನೆಟ್ಟಗಿರುವ ನೀರಿನ ಬಾಟಲಿಯನ್ನೇ ಮತ್ತೆ ನೆಟ್ಟಗಿಡುತ್ತಾನೆ. “ಈಗ್ಬಂದೆ ಅಪ್ಪಾ” ಅಂದು ಹೊರಡುತ್ತಾನೆ. ಬಾಗಿಲಲ್ಲಿ ಈ ಅಕ್ಕ ಬಕೆಟ್ ಹಿಡಿದು ಅಡ್ಡ ನಿಲ್ಲುತ್ತಾರೆ.

“ಯಾವಾಗ?”

“ಏನಕ್ಕಾ?”

“ಈಗ್ಬಂದೆ ಅಂದ್ಯಲ್ಲ, ಯಾವಾಗ?”

“ಒಂದು ಟೀ ಕುಡ್ಕೊಂಡು…”

“ಹಾಗಂತ್ಲೇ ಹೇಳಿ ಹೋಗು. ಟೀ ಕುಡ್ಕೊಂಡು ಬರ್ತೀನಿ ಅನ್ನು. ನಿನ್ನೆಯಿಂದ ನಿಮ್ಮಪ್ಪ ಬಾಗಿಲು ನೋಡಿ ನೋಡಿ ಕತ್ತು ನೋಯಿಸ್ಕೊಂಡಿದಾರೆ.”

ಹುಡುಗ ಸಿಡುಕುತ್ತಾನೆ. ಗೊಣಗಿಕೊಂಡು ಹೋಗುತ್ತಾನೆ. ಮಧ್ಯಾಹ್ನವಾದರೂ ಅವನ ಟೀ ಮುಗಿಯುವುದಿಲ್ಲ. ಟೈಲರ್ ಬೆರಳುಗಳು ಹೊದಿಕೆಯ ಅಂಚಿನಲ್ಲೇ ಓಡಾಡುತ್ತವೆ. “ಬಂದ್ನಾ?” ಎಂದು ನನ್ನನ್ನೂ ಒಮ್ಮೆ ಕೇಳುತ್ತಾರೆ. ನಾನೂ ಬಾಗಿಲ ಕಡೆ ತಿರುಗಿ ನೋಡುತ್ತೇನೆ.

“ಊರಿಗೆಲ್ಲ ‘ನಾಳೆ ಬನ್ನಿ, ರೆಡಿ ಇರುತ್ತೆ’ ಅಂತ ಹೇಳಿ ಓಡಾಡಿಸಿದ್ರಲ್ಲ ಯಜಮಾನ್ರೇ, ಈಗ ನೀವು ಕಾಯಿರಿ” ಎಂದು ಯಾವಾಗಕ್ಕ ರೇಗಿಸುತ್ತಾರೆ. “ಬಟನ್ ಒಂದು ಬಾಕಿ ಇರ್ತಿತ್ತಮ್ಮಾ” ಅನ್ನುತ್ತಾರೆ ಟೈಲರ್, ಈಗಲೂ ಗಿರಾಕಿಗೆ ಸಮಜಾಯಿಷಿ ಕೊಡುವ ದನಿಯಲ್ಲೇ. ಆಮೇಲೆ ತಗ್ಗಿದ ದನಿಯಲ್ಲಿ, “ಅವ್ನು ಇರೋವಾಗ್ಲೇ ಹೋಗ್ಬೇಕು ತಾಯಿ. ಅಷ್ಟು ಮಾಡ್ಕೊಡು” ಅನ್ನುತ್ತಾರೆ.

ಯಾವಾಗಕ್ಕ ‘ಆಯ್ತು’ ಅನ್ನುವುದಿಲ್ಲ. ತಮ್ಮ ಕೈಯಲ್ಲಿಲ್ಲದ್ದಕ್ಕೆ ಅವರು ಹೂಂ ಅನ್ನುವವರಲ್ಲ. “ನೋಡ್ತೀನಿ” ಅಂದು ಬಕೆಟ್ ಎತ್ತಿಕೊಳ್ಳುತ್ತಾರೆ.

ಅವರನ್ನು ಕೂರಿಸಿ ಮಾತಾಡಿಸುವುದು ಆಗದ ಕೆಲಸ. ಬೆಡ್‌ಶೀಟು ಮಡಚುತ್ತಾ, ಬೇಸಿನ್ ಉಜ್ಜುತ್ತಾ ಮಾತಾಡುತ್ತಾರೆ. ನಾನು ಹಿಂದೆ ಹಿಂದೆ ತಿರುಗುತ್ತೇನೆ. ಸಂಪಾದಕರಿಗೆ ಅಂಕಿಸಂಖ್ಯೆ ಬೇಕು ಎಂದು ಎಷ್ಟು ಸಾವು ನೋಡಿದ್ದೀರಿ ಎಂದು ಕೇಳಿದರೆ ಕೆಂಗಣ್ಣು ಬಿಡುತ್ತಾರೆ. “ಅವೇನು ಲಾಂಡ್ರಿಗೆ ಹಾಕೋ ಬಟ್ಟೆನಾ ಎಣಿಸೋಕೆ? ಶೀಟ್ ಲೆಕ್ಕ ಕೇಳಿ, ಹೇಳ್ತೀನಿ.”

ಮೊದಲು ಅವರು ಒಂದು ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮಾಡುತ್ತಿದ್ದರು. ಗಂಡನಿಗೆ ಗಂಟಲಲ್ಲಿ ಗಡ್ಡೆಯಾಗಿ, ಇದೇ ವಾರ್ಡಿಗೆ ಬಂದು ಸೇರಿದ್ದರು. “ಒಂದಿನ ಬಿಸಿನೀರು ತರೋಕೆ ಫ್ಲಾಸ್ಕ್ ತಗೊಂಡು ಎದ್ದೆ. ಈಗ್ಬಂದೆ ಅಂದೆ. ಕೆಳಗೆ ಕ್ಯೂ ಇತ್ತು. ಮುಂದಿನೋಳ ಜೊತೆ ಮಾತಿಗೂ ನಿಂತೆ ಅನ್ನಿ. ವಾಪಸ್ ಬರೋ ಹೊತ್ತಿಗೆ ಪರದೆ ಎಳೆದಿದ್ರು. ಪಕ್ಕದ ಮಂಚದೋರು ಹೇಳಿದ್ರು, ‘ಬಂದೆ ಅಂದ್ಳಲ್ಲಾ, ಎಲ್ಲಿ ಬಂದ್ಳು’ ಅಂತ ಬಾಗಿಲೇ ನೋಡ್ತಿದ್ರಂತೆ.”

ಮಡಚಿದ ಶೀಟನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. ಇನ್ನೂ ಹೊರಟೇ ಇಲ್ಲದವರು ‘ಬಂದೆ’ ಅನ್ನುವುದು, ಎದ್ದು ಹೋಗುವವರು ‘ಬರ್ತೀನಿ’ ಅನ್ನುವುದು ನಾವೆಲ್ಲ ಯೋಚಿಸದೆ ಆಡುವ ಮಾತು. ಕೇಳುವವರೂ ಅದನ್ನು ಯೋಚಿಸುವುದಿಲ್ಲ. ಆದರೆ ಹಾಸಿಗೆ ಹಿಡಿದವರಿಗೆ ಬಾಗಿಲು ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ, ಅವರು ಆ ಮಾತನ್ನು ಹಾಗೇ ನಂಬಿಬಿಡುತ್ತಾರೆ. ಗಂಡ ಹೋದ ಮೇಲೆ ಈ ವಾರ್ಡಿನ ಬಾಗಿಲಿಗೇ ಬಂದು ಕೆಲಸ ಕೇಳಿದರು ಯಾವಾಗಕ್ಕ. ನೆಂಟರು ‘ತಲೆ ಕೆಟ್ಟಿದೆಯಾ’ ಅಂದರು. ಈಗಲೂ ಕೆಲವರು ಅವರ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಸೊಂಟ ನೋವು ಸದಾ ಇದ್ದದ್ದೇ. ಮಗಳಂತೂ ‘ಮನೇಲೂ ಒಂದು ಕಡೆ ಕೂರಲ್ಲ ನೀನು’ ಎಂದು ಜಗಳಕ್ಕೇ ಬರುತ್ತಾಳಂತೆ.

ಸಂಜೆ ಟೈಲರ್ ಮಗ ಮೆಟ್ಟಿಲ ಬಳಿ ಸಿಗುತ್ತಾನೆ. ಕ್ಯಾಂಟೀನಿನಲ್ಲೂ ಅವನು ಕೂತಿಲ್ಲ. ಗೇಟಿನವರೆಗೆ ಹೋಗುವುದು, ಬರುವುದು, ಇಡೀ ದಿನ ಅದೇ ಆಗಿದೆ. ಯಾವಾಗಕ್ಕ ಈ ಸಲ ಬೈಯುವುದಿಲ್ಲ.

“ನನ್ ಕೈಲಿ ನೋಡೋಕಾಗಲ್ಲ ಅಕ್ಕಾ” ಅನ್ನುತ್ತಾನೆ. “ಅದು ನಮ್ಮಪ್ಪನ ಮುಖನೇ ಅಲ್ಲ.”

“ನೋಡು ಅಂದೋರು ಯಾರು? ನೋಡ್ಬೇಡ. ಕಿಟಕಿ ನೋಡು. ಕೈ ಮಾತ್ರ ಹಿಡ್ಕೋ.”

ಅವನು ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡುತ್ತಾನೆ. “ಅಷ್ಟೇನಾ?”

“ಅಷ್ಟೇ. ಅದಕ್ಕಿಂತ ದೊಡ್ಡದು ನನಗೂ ಗೊತ್ತಿಲ್ಲ.”

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಗ ಅಲ್ಲಿದ್ದಾನೆ. ಕಾರಿಡಾರಿನಿಂದ ಎಳೆದು ತಂದ ಕುರ್ಚಿಯಲ್ಲಿ ಕೂತಿದ್ದಾನೆ. ಆ ಕುರ್ಚಿಯ ಕೈ ಮಂಚದ ಕಂಬಿಗೆ ತಾಗುತ್ತದೆ, ಹತ್ತಿರ ಸರಿಯುವುದಿಲ್ಲ. ಅರ್ಧ ಮೈ ಕುರ್ಚಿಯಲ್ಲಿ, ಅರ್ಧ ಮೈ ಹೊರಗೆ ಚಾಚಿ ಅಪ್ಪನ ಕೈ ಹಿಡಿದಿದ್ದಾನೆ. ಮುಖ ಕಿಟಕಿಯ ಕಡೆಗಿದೆ. ಕಾಲು ಮಾತ್ರ ಒಂದೇ ಸಮನೆ ಕುಣಿಯುತ್ತಿದೆ.

ಟೈಲರ್ ಕಣ್ಣು ಬಿಡುವುದಿಲ್ಲ. “ಬಂದ್ಯಾ?” ಅನ್ನುತ್ತಾರೆ.

“ಬಂದೆ ಅಪ್ಪಾ.”

ಬೆರಳುಗಳು ಹೊದಿಕೆಯ ಅಂಚು ಬಿಟ್ಟು ಮಗನ ಶರ್ಟಿನ ತೋಳಿಗೆ ಬರುತ್ತವೆ. ಅಲ್ಲಿಯ ಹೊಲಿಗೆಯನ್ನು ಒಮ್ಮೆ ಸವರಿ ಅಲ್ಲೇ ನಿಲ್ಲುತ್ತವೆ. ಮಧ್ಯಾಹ್ನದ ಹೊತ್ತಿಗೆ ಟೈಲರ್ ಹೋಗುತ್ತಾರೆ. ಮಗ ಅಲ್ಲೇ ಇರುತ್ತಾನೆ. ಯಾವಾಗ ತಿರುಗಿದನೋ ಗೊತ್ತಿಲ್ಲ, ಆ ಹೊತ್ತಿಗೆ ಅವನು ಕಿಟಕಿಯನ್ನು ನೋಡುತ್ತಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಾನೆ. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅಳುತ್ತೇನೆ.

ಯಾವಾಗಕ್ಕ ಟೈಲರ್‌ಗೆ ಕೊನೆಯ ಸಲ ಮೈ ಒರೆಸಿ, ತಲೆ ಬಾಚಿ, ಶರ್ಟಿನ ಬಟನ್ ಪೂರ್ತಿ ಹಾಕುತ್ತಾರೆ. “ಒಂದೂ ಬಾಕಿ ಇಲ್ಲ ಯಜಮಾನ್ರೇ” ಎಂದು ಹೇಳುವುದು ನನಗೆ ಕೇಳಿಸುತ್ತದೆ.

ಹೊರಡುವ ಮುನ್ನ, ನಿಮಗೇನು ಬೇಕು ಅಕ್ಕಾ ಎಂದು ಕೇಳುತ್ತೇನೆ. ಸನ್ಮಾನ, ಶಾಲು ಎಂದೆಲ್ಲ ನನ್ನ ತಲೆಯಲ್ಲಿದೆ. ಅವರು ಬೇಸಿನ್ ಉಜ್ಜುವುದನ್ನು ನಿಲ್ಲಿಸುವುದಿಲ್ಲ.

“ಕುರ್ಚಿ. ಮಂಚಕ್ಕೊಂದು. ಕೈ ಇಲ್ಲದ್ದು ಆಗ್ಬೇಕು, ಹತ್ರ ಎಳ್ಕೊಳೋ ಹಾಗೆ. ಕೂರೋಕೆ ಜಾಗ ಇಲ್ದೇ ಇದ್ರೆ ಜನ ನಿಂತೇ ಇರ್ತಾರೆ. ನಿಂತೋರು ಎಷ್ಟೊತ್ತು ನಿಲ್ತಾರೆ, ಹೊರಟುಬಿಡ್ತಾರೆ.”

ಅದನ್ನು ಬರೆಯುತ್ತೇನೆ ಅನ್ನುತ್ತೇನೆ. ಚೀಲ ಹೆಗಲಿಗೆ ಹಾಕುವಾಗ ಅಭ್ಯಾಸ ಬಲದಿಂದ ಬಾಯಿಗೆ ಬಂದೇಬಿಡುತ್ತದೆ, “ಬರ್ತೀನಿ ಅಕ್ಕಾ.”

ಅವರು ತಿರುಗುತ್ತಾರೆ. ಕೈಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿದೆ.

“ಯಾವಾಗ?”

ತಬ್ಬಿಬ್ಬಾಗುತ್ತೇನೆ. ನಗಿಸಿ ಜಾರಿಕೊಳ್ಳಲು ನೋಡುತ್ತೇನೆ. ಅವರು ನಗುವುದಿಲ್ಲ, ಕಾಯುತ್ತಾರೆ. “ಭಾನುವಾರ ಬೆಳಿಗ್ಗೆ” ಅನ್ನುತ್ತೇನೆ ಕೊನೆಗೆ. “ಇದು ಅಚ್ಚಾಗುತ್ತಲ್ಲ, ಅವತ್ತು. ಪೇಪರ್ ತಗೊಂಡು.”

ಇವತ್ತು ಭಾನುವಾರ. ನೀವು ಇದನ್ನು ಓದುತ್ತಿರುವ ಹೊತ್ತಿಗೆ ನಾನು ಅಲ್ಲಿರಬೇಕು.