ಅಜ್ಜಿಯ ಮೊಣಕೈ

ಮಗಳಿಗೆ ಮೂರು ವರ್ಷ ತುಂಬಿದರೂ ನಾನು ಅವಳನ್ನು ಸರಿಯಾಗಿ ತಬ್ಬಿಕೊಂಡಿರಲಿಲ್ಲ. ತಬ್ಬಲು ಹೋದರೆ ಮೈಯನ್ನು ಸೆಟೆಸಿ ಹಿಂದಕ್ಕೆ ಬಾಗುತ್ತಿದ್ದಳು. ಮುತ್ತಿಟ್ಟರೆ ಕೆನ್ನೆಯನ್ನು ಭುಜಕ್ಕೆ ಉಜ್ಜಿ ಒರೆಸಿಕೊಳ್ಳುತ್ತಿದ್ದಳು.

ಕುಶಾಲನಗರದಲ್ಲಿ ನಮ್ಮದು ಕಾಫಿ, ಮೆಣಸು ಕೊಳ್ಳುವ ಸಣ್ಣ ಅಂಗಡಿ. ಮನೆ ಅದರ ಹಿಂದೆಯೇ. ಕೊಯ್ಲಿನ ಕಾಲದಲ್ಲಿ ಮೂಟೆಗಳನ್ನು ಗೋಡೆಯುದ್ದಕ್ಕೂ ಜೋಡಿಸಿರುತ್ತಿದ್ದರು. ಅವಳು ಎರಡು ಮೂಟೆಗಳ ಸಂದಿಗೆ ನುಸುಳಿ, ಎರಡೂ ಕಡೆಯಿಂದ ಒತ್ತಿಸಿಕೊಂಡು, ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದಳು. ನನ್ನ ತೋಳಿನಲ್ಲಿ ಸಿಗದ ನೆಮ್ಮದಿ ಅಲ್ಲಿ ಸಿಗುತ್ತಿತ್ತು. ಕಾಫಿ ಮೂಟೆಯನ್ನು ಕಂಡು ಹೊಟ್ಟೆಕಿಚ್ಚುಪಟ್ಟ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಅಲ್ಲಿಂದ ಹೊರಬಂದರೆ ಮೆಣಸಿನ ಆಟ. ಬೊಗಸೆ ತುಂಬ ಮೆಣಸು ತುಂಬಿಕೊಂಡು ಕಿವಿಯ ಪಕ್ಕದಿಂದ ತಟ್ಟೆಗೆ ಸುರಿಯುವಳು. ಸುರಿದದ್ದನ್ನು ಬಾಚಿ ಮತ್ತೆ ಸುರಿಯುವಳು. ಊಟಕ್ಕೆ ಕರೆದರೂ ಕೇಳಿಸದು. ಆದರೆ ನಾನು ಅಡುಗೆಮನೆಯಲ್ಲಿ ಮಿಕ್ಸಿಯ ಸ್ವಿಚ್ಚು ಒತ್ತಿದರೆ ಸಾಕು, ಎಲ್ಲಿದ್ದರೂ ಎರಡೂ ಕಿವಿ ಮುಚ್ಚಿಕೊಂಡು ಚೀರುವಳು. ತಿಂಡಿ ದಿನವೂ ಅದೇ ನೀಲಿ ತಟ್ಟೆಯಲ್ಲಿ ಬೇಕು. ಮೊಸರು ಬೆರಳಿಗೆ ತಾಕಿದರೆ ವಾಂತಿ. ಮಾತು ಒಂದೂ ಇಲ್ಲ.

ಮಡಿಕೇರಿಯ ಮಕ್ಕಳ ಡಾಕ್ಟರು ಬಹಳ ಹೊತ್ತು ನೋಡಿ, ಇದು ಆಟಿಸಂ, ಹಟವಲ್ಲ ಎಂದರು. "ಹೊರಗಿನ ಸದ್ದು, ಬೆಳಕು, ಮುಟ್ಟೋದು ಎಲ್ಲಾ ಅವಳಿಗೆ ನಮಗಿಂತ ಜಾಸ್ತಿಯಾಗಿ ಬಂದು ಬೀಳುತ್ತೆ. ಮಾಡಿದ್ದನ್ನೇ ಮಾಡ್ತಾ ಇದ್ರೆ ಅವಳಿಗೆ ಸಮಾಧಾನ. ಬಲವಂತವಾಗಿ ಬಿಡಿಸಬೇಡಿ."

ನಾನೂ ನಮ್ಮ ಮನೆಯವರೂ ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ವಾಪಸು ಬಂದೆವು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ಮೊರ ಕೆಳಗಿಟ್ಟು, "ವಾಸಿ ಆಗಾದಾ?" ಎಂದರು.

"ಇದು ಕಾಯಿಲೆ ಅಲ್ವಂತೆ ಅತ್ತೆ. ಅವಳು ಇರೋದೇ ಹಿಂಗಂತೆ."

"ಹಂಗಾರೆ ಇರ್ಲಿ ಬಿಡವ್ವ," ಎಂದು ಮತ್ತೆ ಮೊರ ಎತ್ತಿಕೊಂಡರು. ಅವರ ಕೈ ಮಾತ್ರ ಬಹಳ ಹೊತ್ತು ಅಕ್ಕಿಯ ಮೇಲೆ ಸುಮ್ಮನೆ ಇತ್ತು.

ಆ ಅತ್ತೆಯ ಹತ್ತಿರ ಅವಳು ತಾನಾಗಿಯೇ ಹೋದಳು. ಒಂದು ಮಧ್ಯಾಹ್ನ ಅವರು ಹಜಾರದಲ್ಲಿ ಕಾಲು ಚಾಚಿ ಕೂತಿದ್ದಾಗ, ತುದಿಗಾಲಿನಲ್ಲಿ ಬಂದು ಅವರ ಮೊಣಕೈಯ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದಳು. ಹಿಂಡಿದಳು, ಬಿಟ್ಟಳು, ಮತ್ತೆ ಹಿಂಡಿದಳು. ಅತ್ತೆ ಅಲುಗಾಡಲಿಲ್ಲ. ನಾನು ಏನೋ ಹೇಳಲು ಹೊರಟರೆ ಕಣ್ಣಲ್ಲೇ ತಡೆದರು.

ಅಂದಿನಿಂದ ಊಟವಾದ ಮೇಲೆ ಅದು ಅವರಿಬ್ಬರ ವೇಳೆ. ಅತ್ತೆಯ ಚರ್ಮ ಕೆಂಪಾಗಿ, ಒಮ್ಮೊಮ್ಮೆ ಕಂದುತ್ತಿತ್ತು. "ನೋವಾಗಲ್ವಾ ಅತ್ತೆ?" ಎಂದರೆ, "ಮಗ ಹಿಡ್ಕಂಡ್ರೆ ಎಂಥ ನೋವು? ನನ್ ಕೈಲಿ ಇನ್ನೇನು ಕೆಲ್ಸ ಐತೆ" ಎನ್ನುತ್ತಿದ್ದರು. ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳಲ್ಲ. ಆದರೆ ಚರ್ಮ ಹಿಂಡುತ್ತಾ ಹಿಂಡುತ್ತಾ ಅತ್ತೆಯ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ, ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದ ಅತ್ತೆ ಅಲ್ಲೇ ಕುಸಿದರು. ಆಟೋ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಹಣೆಗೆ, ತೋಳಿಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಹಜಾರದ ಗೋಡೆಗೆ ಒರಗಿಸಿ ಕೂರಿಸಿದರು. ಭಜನೆಯವರು ಬಂದು ತಾಳ, ದಮ್ಮಡಿ ಬಡಿಯತೊಡಗಿದರು. ಮಗಳು ಒಳಕೋಣೆಯ ಮಂಚದ ಕೆಳಗೆ ಸೇರಿ, ಕಿವಿ ಮುಚ್ಚಿಕೊಂಡು, ತಲೆಯನ್ನು ಮಂಚದ ಕಾಲಿಗೆ ಬಡಿದುಕೊಳ್ಳತೊಡಗಿದಳು. ನಾನು ನನ್ನ ಅಂಗೈಯನ್ನು ಅವಳ ತಲೆಗೂ ಮಂಚದ ಕಾಲಿಗೂ ನಡುವೆ ಒಡ್ಡಿ ಕೂತಿದ್ದೆ.

"ಆ ಮಗೀನ ಯಾರ್ದಾರ ಮನೆಗ್ ಕಳ್ಸಬಾರ್ದಾ?" ಎಂದು ಯಾರೋ ಹೆಂಗಸು ಹೊರಗೆ ಹೇಳಿದ್ದು ಕೇಳಿಸಿತು.

ಮನೆಯವರು ಬಂದು ಒಂದು ಕ್ಷಣ ಬಾಗಿ ನೋಡಿದರು. ಅವರು ಅಲ್ಲಿಯವರೆಗೆ ಅತ್ತಿರಲಿಲ್ಲ. ಹಜಾರಕ್ಕೆ ಹೋಗಿ ಭಜನೆಯವರಿಗೆ ಕೈಮುಗಿದರು. "ಸ್ವಲ್ಪ ಹೊತ್ತು ನಿಲ್ಸಿ."

ಮಾವನವರ ಅಣ್ಣ, ದೊಡ್ಡ ಮಾವನಿಗೆ ಸಿಟ್ಟು ಬಂತು. "ಹೆಣದ ಮುಂದೆ ಭಜನೆ ನಿಲ್ಸಾದುಂಟೇನೋ? ನಿಮ್ಮವ್ವಂಗೆ ಒಳ್ಳೇದಾಗಾದು ಬ್ಯಾಡ್ವಾ?"

"ನಮ್ಮವ್ವ ಇದ್ದಿದ್ರೆ ಅವ್ಳೇ ನಿಲ್ಸ್ತಿದ್ಲು, ದೊಡ್ಡಪ್ಪ."

ತಾಳ ನಿಂತಿತು. ಸ್ವಲ್ಪ ಹೊತ್ತಿಗೆ ಮಗಳು ಮಂಚದ ಕೆಳಗಿನಿಂದ ಹೊರಬಂದಳು. ಕೂತವರ ಕಾಲುಗಳನ್ನು ದಾಟಿಕೊಂಡು, ತುದಿಗಾಲಿನಲ್ಲಿ, ನೇರ ಅಜ್ಜಿಯ ಹತ್ತಿರ ನಡೆದಳು. ಹಾರವನ್ನು ಪಕ್ಕಕ್ಕೆ ಸರಿಸಿ ಮೊಣಕೈ ಹಿಡಿದಳು.

ಹಿಂಡಿದಳು. ನಿಲ್ಲಿಸಿದಳು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು, ವಿಭೂತಿ ಅಂಟಿತ್ತು. ಇನ್ನೊಂದು ಪಕ್ಕಕ್ಕೆ ಹೋಗಿ ಆ ಮೊಣಕೈಯನ್ನೂ ಹಿಡಿದು ನೋಡಿದಳು. ಚರ್ಮ ತಣ್ಣಗಾಗಿ ಬಿಗಿದಿತ್ತು. ಆಮೇಲೆ, ಹುಟ್ಟಿದಂದಿನಿಂದ ಯಾರ ಮುಖವನ್ನೂ ದಿಟ್ಟಿಸಿ ನೋಡದವಳು, ಅಜ್ಜಿಯ ಮುಖವನ್ನು ಬಹಳ ಹೊತ್ತು ನೋಡಿದಳು. ದೊಡ್ಡ ಮಾವ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒತ್ತಿಕೊಂಡರು. ಮನೆಯವರು ಗೋಡೆ ಹಿಡಿದು ಕುಸಿದು ಕೂತು ಮಗುವಿನಂತೆ ಅತ್ತರು.

ಅವಳು ಅಳಲಿಲ್ಲ. ತಿರುಗಿ ಅಂಗಡಿಗೆ ಹೋಗಿ, ಮಾರದೆ ಉಳಿದಿದ್ದ ಮೂಟೆಗಳ ಸಂದಿಯಲ್ಲಿ ನಿಂತುಬಿಟ್ಟಳು. ಮಣ್ಣಿಗೆ ಹೊತ್ತುಕೊಂಡು ಹೋಗುವವರೆಗೂ ಅಲ್ಲೇ ಇದ್ದಳು.

"ಪಾಪ, ಅದ್ಕೆ ಏನ್ ಗೊತ್ತಾಗ್ತದೆ. ಒಂಥರಾ ಪುಣ್ಯವಂತೆ," ಎಂದರು ತಿಥಿಗೆ ಬಂದ ನೆಂಟರು. ಏನು ಗೊತ್ತಾಗಿದೆಯೆಂದು ನನಗಾದರೂ ಎಲ್ಲಿ ಗೊತ್ತಿತ್ತು? ಅವಳು ಮೆಣಸು ಮುಟ್ಟುವುದನ್ನು ಬಿಟ್ಟಿದ್ದಳು. ಊಟವಾದ ಮೇಲೆ ಹಜಾರದ ಗೋಡೆಯ ಅದೇ ಜಾಗದ ಮುಂದೆ ನಿಂತು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದಳು. ಒಂದು ದಿನ ನಾನು ಸೀರೆಯ ಸೆರಗು ಸರಿಸಿ ನನ್ನ ಮೊಣಕೈಯನ್ನು ಅವಳ ಮುಂದೆ ಹಿಡಿದೆ. ಒಮ್ಮೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಚರ್ಮ ಇನ್ನೂ ಗಟ್ಟಿ.

ದೀಪಾವಳಿ ಕಳೆದ ಮೇಲಿನ ಮಾತು. ಹಾಗೆಯೇ ತೂಗಾಡುತ್ತಿದ್ದವಳ ಪಕ್ಕ ಕೂತು, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳಿದೆ: "ಅಜ್ಜಿ ಎಲ್ಲಿ ಪುಟ್ಟಿ?"

ತೂಗಾಟ ನಿಂತಿತು. "ಅಜ್ಜಿ ಎಲ್ಲಿ ಪುಟ್ಟಿ?" ಎಂದಳು.

ಅದು ಅವಳ ಮೊದಲ ಮಾತು. ಮನೆಯವರು ಅಂಗಡಿಯಿಂದ ಓಡಿಬಂದು, "ಮಾತಾಡಿದ್ಲಾ? ಇನ್ನೊಂದ್ಸಲ ಹೇಳ್ಸು!" ಎಂದರು. ಡಾಕ್ಟರೂ ಸಂತೋಷಪಟ್ಟರು. ಕೇಳಿದ್ದನ್ನು ಹಾಗೇ ತಿರುಗಿ ಹೇಳುತ್ತಾರೆ, ಎಷ್ಟೋ ಮಕ್ಕಳಿಗೆ ಮಾತು ಹಾಗೆಯೇ ಶುರುವಾಗುತ್ತದೆ ಎಂದರು. ಇರಬಹುದು. ಈಗ ನೀರು, ಬಸ್ಸು, ಬೇಡ ಎಂಬ ಮಾತುಗಳೂ ಬಂದಿವೆ.

ಆದರೆ ಕೆಲವು ಮಧ್ಯಾಹ್ನ ಯಾರೂ ಕೇಳದೆಯೇ, ನನ್ನದೇ ದನಿಯಲ್ಲಿ, ನನ್ನದೇ ರಾಗದಲ್ಲಿ ಅವಳು ಅದನ್ನು ಹೇಳುತ್ತಾಳೆ. ಅದು ಬರೀ ಮರುದನಿಯೋ ಪ್ರಶ್ನೆಯೋ ನನಗೆ ತಿಳಿಯದು. ಪ್ರಶ್ನೆಯೇ ಆಗಿದ್ದರೆ ಉತ್ತರವಿಲ್ಲದೆ ಉಳಿಯಬಾರದೆಂದು, ಕೈಯಲ್ಲಿನ ಕೆಲಸ ಬಿಟ್ಟು ಪ್ರತಿ ಸಲವೂ ಹೇಳುತ್ತೇನೆ.

"ಅಜ್ಜಿ ಇಲ್ಲ ಕಂದ. ಸತ್ತೋದ್ರು."