ಹುಲ್ಲಿನ ಗಾಡಿಯ ಹೊಟ್ಟೆನೋವು

ಯಾರ ಮನೆಯ ಮಿಕ್ಸರ್, ಫ್ಯಾನು, ಸ್ಕೂಟರ್ ಕೆಮ್ಮಿದರೂ ಕಿವಿಗೊಟ್ಟು ಕಾಯಿಲೆ ಹೇಳುವ ಚಟ ನನಗಿದೆ. ಕೇಳಿದವರು ಕಡಿಮೆ, ನಾನು ಹೇಳಿದ್ದು ಹೆಚ್ಚು. ಸ್ವಂತ ಗಾಡಿ ನರಳಿದಾಗ ಮಾತ್ರ ನನ್ನ ವೈದ್ಯವೆಲ್ಲ ಮರೆತೇಹೋಯಿತು.

ಮುರ್ಡೇಶ್ವರದ ಹತ್ತಿರ ಅಕ್ಕನೂ ನಾನೂ ನಡೆಸುವ ಸಣ್ಣ ವಸತಿಗೃಹದ ಎದುರು ದೊಡ್ಡ ಹುಲ್ಲುಹಾಸಿದೆ. ಅದಕ್ಕೆಂದು, ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯನ್ನು ಹಟ ಹಿಡಿದು ತಂದವನು ನಾನು. ಅದು ನರಳಿದ ದಿನದ ಮರುದಿನವೇ ಆ ಹುಲ್ಲಿನ ಮೇಲೆ ಅಕ್ಕನ ಮಗಳ ನಿಶ್ಚಿತಾರ್ಥ. ಅರ್ಧ ಕತ್ತರಿಸುವಷ್ಟರಲ್ಲಿ ಗಾಡಿಯ ಹೊಟ್ಟೆಯಡಿ, ಅಲಗುಗಳು ತಿರುಗುವ ಡೆಕ್ಕಿನಲ್ಲಿ, ಕರಕರ ಸದ್ದು ಎದ್ದಿತು. ನಿಲ್ಲಿಸಿ ನೋಡಿದರೆ ಅಂಗಳ ಅರ್ಧ ಕ್ಷೌರಕ್ಕೇ ಎದ್ದುಬಂದ ತಲೆಯಂತಿತ್ತು.

ಅಕ್ಕ ಜಗಲಿಗೆ ಬಂದಳು. "ಎಂತದಾ ತಮ್ಮ ಆ ಶಬ್ದ? ನಾಳೆ ಶುಭಕಾರ್ಯ, ಇವತ್ತೇ ಹೀಂಗಾದ್ರೆ ಒಳ್ಳೇದಲ್ಲ." ಮನಸ್ಸಿನಲ್ಲೇ ಅವಳು ಹರಕೆ ಹೊರುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಪಕ್ಕದ ಮನೆಯ ರಿಕ್ಷಾ ಗಣಪತಿ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟ: "ಬೇರಿಂಗ್ ಹೋತು ಮಾರಾಯ್ರೆ. ಮಂಗ್ಳೂರಿಂದ ತರ್ಸೂಕೆ ಬೇಕು."

ಸದ್ದು ಒಂದೇ, ಕೇಳಿಸುವುದು ಮಾತ್ರ ಅವರವರ ಭಯ. ಗಣಪತಿಗೆ ಬೇರಿಂಗು, ಅಕ್ಕನಿಗೆ ಅಪಶಕುನ, ನನಗೆ "ಈ ಗಾಡಿ ಬ್ಯಾಡ ಅಂತ ಅವತ್ತೇ ಹೇಳಿದ್ದೆ" ಎಂದು ಅಕ್ಕ ಇನ್ನೂ ಹೇಳದಿದ್ದ ಮಾತು.

ಹಿಂದಿನ ನಾಟಿವೈದ್ಯರು ನಾಡಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ರೋಗ ತಿಳಿಯಲಿಕ್ಕೋ, ರೋಗಿಯ ಮನೆಯವರ ಸಲಹೆಯಿಂದ ತಪ್ಪಿಸಿಕೊಳ್ಳಲಿಕ್ಕೋ ಗೊತ್ತಿಲ್ಲ. ನಾನೂ ಕಣ್ಣು ಮುಚ್ಚಿದೆ. ಅಲಗು ನಿಲ್ಲಿಸಿ ಇಂಜಿನ್ ಮಾತ್ರ ಓಡಿಸಿದರೆ ಸದ್ದಿಲ್ಲ. ಅಲಗು ತಿರುಗಿಸಿದರೆ ಕರಕರ. ಅಂದರೆ ಇಂಜಿನ್ ಕ್ಷೇಮ. ಗಾಡಿ ಆರಿಸಿ, ಪ್ಲಗ್ಗಿನ ವೈರು ಕಳಚಿ, ದಪ್ಪ ಗ್ಲೌಸ್ ಹಾಕಿಕೊಂಡು ಅಲಗುಗಳನ್ನು ಕೈಯಿಂದ ತಿರುಗಿಸಿದೆ. ಎಡಗಡೆಯದು ಸಲೀಸು. ಬಲಗಡೆಯದು ಹಲ್ಲು ಕಡಿಯಿತು, ಆದರೆ ಅಲ್ಲಾಡಿಸಿದರೆ ಸಡಿಲವಿಲ್ಲ. ಬೇರಿಂಗ್ ಗಟ್ಟಿಯಾಗಿಯೇ ಇದ್ದಂತಿತ್ತು. ಜೀವ ಅರ್ಧ ಬಂತು. ಡೆಕ್ಕಿನ ಮೇಲಿನ ಮುಚ್ಚಳ ಬಿಚ್ಚಿದೆ. ಬೆಲ್ಟಿನ ಗಾಲಿಯಡಿ ಸಿಕ್ಕಿಕೊಂಡಿತ್ತು ತೆಂಗಿನ ಗೆರಟೆಯ ಒಂದು ಚೂರು, ಅಂಚಿನಲ್ಲಿ ಕುಂಕುಮ.

ಆಯುಧಪೂಜೆಯ ದಿನ ಗಾಡಿಗೂ ಕಾಯಿಗೂ ಕುಂಕುಮ ಹಚ್ಚಿದ ಅಕ್ಕ, ಕಲ್ಲು ಹುಡುಕುವ ಗೋಜಿಗೆ ಹೋಗದೆ ಡೆಕ್ಕಿನ ಕಬ್ಬಿಣದ ಅಂಚಿಗೇ ಕಾಯಿ ಕುಟ್ಟಿದ್ದಳು. ಚೂರೊಂದು ಎಲ್ಲೋ ಹಾರಿದಾಗ "ದೇವ್ರಿಗೆ ಮುಟ್ತು" ಎಂದಿದ್ದಳು. ಆಮೇಲೆ ಗಾಡಿ ಹೊರಬಂದದ್ದು ಈ ನಿಶ್ಚಿತಾರ್ಥಕ್ಕೆ ಹುಲ್ಲು ಕತ್ತರಿಸಲೆಂದೇ.

ಚೂರನ್ನು ಅವಳ ಅಂಗೈಯಲ್ಲಿಟ್ಟೆ. ಕುಂಕುಮ ನೋಡಿ ಗುರುತು ಹಿಡಿದಳು.

"ಹಂಗಾರೆ ಅಪಶಕುನ ಅಲ್ಲ, ಪ್ರಸಾದ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಆತು, ಉಳಿದದ್ದು ಬೇಗ ಮುಗ್ಸು."

ನನ್ನ ಎದೆಯೂ ಹಗುರಾಯಿತು. ಬಿಸಿಲು ಇಳಿಯುವುದರೊಳಗೆ ಉಳಿದರ್ಧ ಕತ್ತರಿಸಿ ಮುಗಿಸಿದೆ. ಮುಂದಿನ ವರ್ಷವೂ ಕಾಯಿ ಅಕ್ಕನೇ ಒಡೆಯಲಿ. ಮರುದಿನ ಮುಚ್ಚಳ ಬಿಚ್ಚಿ ನೋಡುವ ಪೂಜೆ ನನಗಿರಲಿ.