ಶನಿವಾರದ ಬದಲು ರವಿವಾರ

ನನ್ನ ಗಂಡ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರಲ್ಲಿ ನಾಟಕ ಸಂಸ್ಥೆಯ ವ್ಯವಸ್ಥಾಪಕರೂ ಒಬ್ಬರು. ಪುಣೆಯ ಆ ಸಂಸ್ಥೆಗೆ ನಾವಿಬ್ಬರೂ ಬಹಳ ವರ್ಷಗಳಿಂದ ಸದಸ್ಯರಾಗಿದ್ದೆವು. ವರ್ಷದ ಚಂದಾ ಕಟ್ಟಿದರೆ ತಿಂಗಳಿಗೊಂದು ನಾಟಕ, ಪ್ರತಿ ಸಲ ಅದೇ ಕುರ್ಚಿಗಳು. ಅವರು ಚಹಾ ಕುಡಿದು, ಏಳುವ ಮುಂಚೆ ಸಂಕೋಚದಿಂದ ಮರಾಠಿಯಲ್ಲಿ ಕೇಳಿದರು: ನಿಮ್ಮ ಆ ಎರಡು ಸೀಟು ಏನು ಮಾಡೋಣ? ಯಾರಿಗಾದರೂ ಕೊಡಿ ಎಂದೆ. ಚಪ್ಪಲಿ ಮೆಟ್ಟುತ್ತಾ ಅವರು ಇನ್ನೊಂದು ಮಾತು ಕೇಳಿದರು. ಸದಸ್ಯರ ಟಿಕೆಟ್ ಬದಲಿಸಿಕೊಡುತ್ತಿದ್ದ ಹೆಂಗಸು ಕೆಲಸ ಬಿಟ್ಟು ಭೋರ್‌ನ ತವರಿಗೆ ಹೋಗಿದ್ದಾರೆ, ನೀವು ಮಾಡುತ್ತೀರಾ? ಹ್ಞೂಂ ಎಂದೆ. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಅಷ್ಟು ಮಾತು ನನ್ನಲ್ಲಿರಲಿಲ್ಲ.

ನನಗೆ ಆಗ ದುಃಖವಾಗಿರಲಿಲ್ಲ. ಜನ ತಪ್ಪು ತಿಳಿದಾರೆಂದು ಅದನ್ನು ಯಾರಿಗೂ ಹೇಳಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಹಡಪಸರದ ಕಾರ್ಖಾನೆಯಿಂದ ಫೋನ್ ಬಂದಾಗ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಗ್ಯಾಸ್ ಆರಿಸಿದೆ, ಸೀರೆ ಬದಲಿಸಿದೆ, ರಿಕ್ಷಾದವನ ಜೊತೆ ಚೌಕಾಶಿ ಕೂಡ ಮಾಡಿದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವತ್ತಿನಿಂದ ಹಾಗೇ ಇದ್ದೆ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ತುಟಿ ಹೇಗಿರುತ್ತದೋ ಹಾಗೆ. ಮುಟ್ಟಿ ನೋಡಿದರೆ ಇದೆ, ಆದರೆ ನಮ್ಮದಲ್ಲ. ಗಟ್ಟಿ ಹೆಂಗಸು ಎಂದು ನೆಂಟರು ಹೊಗಳಿದರು.

ಕೆಲಸ ಸುಲಭದ್ದು. ಪ್ರತಿ ನಾಟಕ ಶನಿವಾರ ಒಂದು, ರವಿವಾರ ಒಂದು ಪ್ರಯೋಗ. ಶನಿವಾರದ ಸದಸ್ಯರಿಗೆ ಬರಲಾಗದಿದ್ದರೆ ರವಿವಾರಕ್ಕೆ, ರವಿವಾರದವರಿಗೆ ಬರಲಾಗದಿದ್ದರೆ ಶನಿವಾರಕ್ಕೆ, ಖಾಲಿ ಇರುವ ಕುರ್ಚಿ ನೋಡಿ ಬದಲಿಸಿಕೊಡಬೇಕು. ರಂಗಮಂದಿರದ ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಫೋನು, ನಾನು. "ತಿಕೀಟ ಬದಲೂನ ಮಿಳೇಲ ಕಾ?", ಟಿಕೆಟ್ ಬದಲಿಸಿಕೊಡುತ್ತೀರಾ, ಎಂದು ಶುರು ಮಾಡಿದವರು ಟಿಕೆಟ್ ಯಾಕೆ ಬದಲಾಗಬೇಕು ಎಂಬುದನ್ನು ಕೇಳದಿದ್ದರೂ ಹೇಳುತ್ತಿದ್ದರು. ಸೊಸೆಗೆ ಹೆರಿಗೆ, ಮೊಣಕಾಲಿನ ಆಪರೇಷನ್, ಅಣ್ಣ ಹೋಗಿಬಿಟ್ಟ. ನಾನು ಸಾಲು ಹೇಳಿ, ಕುರ್ಚಿಯ ನಂಬರು ಹೇಳಿ, "ರವಿವಾರ ಸಂಜೆ, ಹೌದಲ್ಲ?" ಎಂದು ಫೋನ್ ಇಡುತ್ತಿದ್ದೆ. ಇವರು ಸುಮ್ಮನೆ ಕೆದಕುವುದಿಲ್ಲ, ಒಳ್ಳೆಯವರು ಎಂದು ಸದಸ್ಯರು ವ್ಯವಸ್ಥಾಪಕರಿಗೆ ಹೇಳಿದರಂತೆ.

ಚಳಿ ಶುರುವಾಗಿದ್ದಾಗ ಬಿಬವೇವಾಡಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಎರಡು ವಾಕ್ಯ ಮರಾಠಿಯಲ್ಲಿ ಮಾತಾಡಿ, ನನ್ನ ಉತ್ತರ ಕೇಳಿ ಮಾತು ನಿಲ್ಲಿಸಿದರು.

"ನೀವು ಧಾರವಾಡ ಕಡೆಯವರೇನ್ರಿ?"

"ಹೌದ್ರಿ."

"ನಿಮ್ಮ ಮರಾಠಿ ಕೇಳಿದ ಕೂಡ್ಲೆ ಗೊತ್ತಾತು. ನಾವು ಬೆಳಗಾವಿಯವ್ರು. ನೋಡ್ರಿ, ನಾವು ಗಂಡ ಹೆಂಡ್ತಿ ಶನಿವಾರ ಬಾಜೂಬಾಜೂ ಕೂಡ್ತಿದ್ವಿ. ಈಗ ಅವ್ರು ಬ್ಯಾರೆ, ನಾ ಬ್ಯಾರೆ. ನನ್ನ ಸೀಟ್ ಹಾಂಗ ಇರ್ಲಿ. ಅವ್ರದು ರವಿವಾರಕ್ಕ ಹಾಕ್ರಿ. ಅವ್ರ ಒಪ್ಪಿಗಿ ಅದ."

ಅವರಿಗೆ ಅರವತ್ತರ ಮೇಲೆ ವಯಸ್ಸಾಗಿತ್ತು. ಮಕ್ಕಳಿಲ್ಲ. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಂಡ ಹಡಪಸರದ ಹತ್ತಿರ ಬಾಡಿಗೆ ಮನೆ ಮಾಡಿಕೊಂಡಿದ್ದರು. ಯಾಕೆ ಬೇರೆಯಾದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಂಡನ ಕುರ್ಚಿ ರವಿವಾರಕ್ಕೆ ಹೋಯಿತು. ಶನಿವಾರ ಅವರ ಪಕ್ಕದ ಕುರ್ಚಿ ಸಂಸ್ಥೆಯ ಹತ್ತಿರವೇ ಉಳಿಯಿತು.

ಮುಂದಿನ ತಿಂಗಳು ಆ ಗಂಡನೇ ಫೋನ್ ಮಾಡಿದರು. ರವಿವಾರ ಆಸ್ಪತ್ರೆಗೆ ಸೇರಬೇಕು, ಸೋಮವಾರ ಕಣ್ಣಿನ ಆಪರೇಷನ್, ಅದಕ್ಕೆ ಶನಿವಾರ ಬರಬಹುದೇ ಎಂದರು. ನಾನು ಹೆಂಡತಿಗೆ ಫೋನ್ ಮಾಡಿ ವಿಷಯ ತಿಳಿಸಿದೆ.

"ಯಾವ ಕಣ್ಣಂತ್ರಿ?"

"ಕೇಳಿಲ್ರಿ."

"ಆತು. ನನ್ನನ್ನ ರವಿವಾರಕ್ಕ ಹಾಕ್ರಿ. ನಾ ಸರದೇನಿ ಅಂತ ಅವ್ರಿಗೆ ಹೇಳಬ್ಯಾಡ್ರಿ."

ಹೇಳಲಿಲ್ಲ. ಚಳಿಗಾಲವಿಡೀ ಅವರಿಬ್ಬರನ್ನು ಹೀಗೆ ಆ ದಿನದಿಂದ ಈ ದಿನಕ್ಕೆ, ಈ ದಿನದಿಂದ ಆ ದಿನಕ್ಕೆ ಸರಿಸುತ್ತಾ ಇದ್ದೆ. ಒಬ್ಬರಿಗೊಬ್ಬರು ಎದುರಾಗಲಿಲ್ಲ. ಅದರಲ್ಲಿ ನನಗೆ ಬೇಸರವೂ ಇರಲಿಲ್ಲ, ಕುತೂಹಲವೂ ಇರಲಿಲ್ಲ.

ಬಿಸಿಲು ಏರತೊಡಗಿದ ಒಂದು ವಾರ ಮುಖ್ಯ ಪಾತ್ರದ ನಟನ ಗಂಟಲು ಕಟ್ಟಿತು. ಒಂದೇ ಪ್ರಯೋಗ ಮಾಡುತ್ತೇನೆ, ಎರಡು ಆಗುವುದಿಲ್ಲ ಎಂದನಂತೆ. ರವಿವಾರದ ಪ್ರಯೋಗ ರದ್ದಾಯಿತು. ರವಿವಾರದ ಸದಸ್ಯರನ್ನೆಲ್ಲ ಶನಿವಾರಕ್ಕೆ ತುಂಬಬೇಕಾಯಿತು. ಬದಿಯ ಗೋಡೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆವು. ಎಲ್ಲರಿಗೂ ಕುರ್ಚಿ ಹಂಚಿದ ಮೇಲೆ ಆ ಬೆಳಗಾವಿಯ ಮನುಷ್ಯನಿಗೆ ಉಳಿದದ್ದು ಅವರದೇ ಹಳೆಯ ಕುರ್ಚಿ. ಇಬ್ಬರಿಗೂ ಫೋನ್ ಮಾಡಿದೆ. ಮೊದಲು ಹೆಂಡತಿಗೆ, ಆಮೇಲೆ ಗಂಡನಿಗೆ.

"ಆಕೀಗೆ ಹೇಳೀರೇನ್ರಿ?" ಎಂದರು ಅವರು.

"ಹೇಳೀನ್ರಿ."

"ಏನಂದ್ಲು?"

"ಕುರ್ಚಿ ನಂದೇನಲ್ಲ, ಬರೂದಿದ್ರ ಬರ್ಲಿ ಅಂದ್ರು."

ಅವರು ನಕ್ಕ ಸದ್ದು ಕೇಳಿಸಿತು. "ಹಾಂಗ ಅಂದಾಳಂದ್ರ ಬರ್ತೀನ್ರಿ."

ಅವತ್ತು ಜನ ಹೆಚ್ಚಿದ್ದರಿಂದ ವ್ಯವಸ್ಥಾಪಕರು ನನ್ನನ್ನು ಒಳಬಾಗಿಲ ಹತ್ತಿರ ನಿಲ್ಲಿಸಿದರು. ಗಂಡ ತೀರಿದ ಮೇಲೆ ನಾಟಕ ನಡೆಯುವಾಗ ನಾನು ಒಳಗೆ ಹೋಗಿದ್ದು ಅದೇ ಮೊದಲು. ಅವರಿಬ್ಬರೂ ನನಗೆ ಕಾಣುತ್ತಿದ್ದರು. ಎರಡು ಕುರ್ಚಿಗಳ ನಡುವಿನ ಒಂದೇ ಕೈಯಾಸರೆಯನ್ನು ಇಬ್ಬರೂ ಮುಟ್ಟದೆ ಕೂತಿದ್ದರು. ರಂಗದ ಮೇಲೆ ಎಲ್ಲ ಸುಮ್ಮನಾಗಿದ್ದಾಗ ಆ ಗಂಡನಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಆಕೆ ಪರ್ಸಿನಲ್ಲಿ ಕೈಯಾಡಿಸಿ, ಕಣ್ಣು ರಂಗದ ಮೇಲೇ ಇಟ್ಟು, ಒಂದು ಲವಂಗ ಕೊಟ್ಟರು. ಅವರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಮಧ್ಯಂತರದಲ್ಲಿ ಆಕೆ ನನ್ನನ್ನು ಹುಡುಕಿಕೊಂಡು ಬಂದರು. ಫೋನಿನ ದನಿಯಿಂದ ಗುರುತು ಹಿಡಿದರು.

"ಭಾಳ ಸೊರಗ್ಯಾರ ಅವ್ರು. ಅಡಗಿ ಯಾರು ಮಾಡ್ತಾರಂತ ಒಂದೀಟು ಕೇಳ್ತೀರೇನು?"

"ಅದು ನನ್ನ ಕೆಲ್ಸ ಅಲ್ರಿ," ಎಂದೆ.

ಒರಟಾಗಿ ಹೇಳಿದ್ದಲ್ಲ. ಆ ಸಾಲು ತುಂಬಿದೆ ಎಂದು ಹೇಳುವ ದನಿಯಲ್ಲೇ ಹೇಳಿದೆ. ಆಕೆಗೆ ಸಿಟ್ಟು ಬರಲಿಲ್ಲ. ನನ್ನ ಮುಖವನ್ನೇ ನೋಡಿದರು, ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯನ್ನು ನೋಡುವ ಹಾಗೆ.

"ನಿಮಗೇನಾಗೇದ?"

ಆರು ತಿಂಗಳಿಗೂ ಮಿಕ್ಕಿ ಹೇಗಿದ್ದೀರಿ, ಊಟ ಆಯಿತೇ, ಧೈರ್ಯ ತಂದುಕೊಳ್ಳಿ ಎಂದವರು ಎಷ್ಟೋ ಜನ. ಹೀಗೆ ಕೇಳಿದವರು ಯಾರೂ ಇರಲಿಲ್ಲ.

"ನಮ್ಮ ಮನಿಯವ್ರು ತೀರ್ಕೊಂಡ್ರು. ಮಳಿಗಾಲದಾಗ."

ಆಕೆ ಅಯ್ಯೋ ಎನ್ನಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು. ನಾನೂ ಕೂತೆ. ಗಂಟೆ ಬಾರಿಸಿತು, ಜನ ಒಳಗೆ ಹೋದರು, ಬಾಗಿಲು ಮುಚ್ಚಿತು. ನಾವು ಏಳಲಿಲ್ಲ. ಎದುರಿನ ರಸ್ತೆಯಲ್ಲಿ ಸ್ಕೂಟರುಗಳು ಹೋಗುತ್ತಿದ್ದವು. ನಾನೇ ಹೇಳಿದೆ, ನನಗೆ ಅಳು ಬಂದಿಲ್ಲ ಎಂದು.

"ಬರೂದಿಲ್ಲ ಬಿಡ್ರಿ ಒಮ್ಮೊಮ್ಮೆ," ಎಂದರು. ಅಷ್ಟೇ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಗಂಡ ಹೊರಗೆ ಬಂದರು. ಪಕ್ಕದ ಕುರ್ಚಿ ಖಾಲಿಯೇ ಉಳಿದದ್ದು ನೋಡಿ ಎದ್ದು ಬಂದಿದ್ದರು.

"ಆರಾಮ ಅದೀಯಿಲ್ಲೊ?" ಎಂದರು ಹೆಂಡತಿಗೆ. ಎಷ್ಟೋ ತಿಂಗಳ ನಂತರ ಅವರು ಆಡಿದ ಮೊದಲ ಮಾತು ಅದೇ ಇರಬೇಕು.

"ನನಗೇನಾಗೇದ? ಇವ್ರ ಮನಿಯವ್ರು ತೀರ್ಕೊಂಡಾರಂತ. ಹೋಗಿ ಚಾ ತರ್ರಿ."

ಅವರು ರಸ್ತೆ ದಾಟಿ ಮೂರು ಚಹಾ ತಂದರು. ಮೂವರೂ ಮೆಟ್ಟಿಲ ಮೇಲೆ ಕೂತು ಕುಡಿದೆವು. ಒಳಗೆ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅಡುಗೆ ಯಾರು ಮಾಡುತ್ತಾರೆ ಎಂದು ಆಕೆ ಆಗ ತಾವೇ ಕೇಳಿದರು. ಡಬ್ಬಿ ತರಿಸುತ್ತೇನೆ, ಖಾರ ಸಾಲದು ಎಂದರು ಅವರು. ಆಮೇಲೆ ಇಬ್ಬರೂ ಎದ್ದು ಬೇರೆ ಬೇರೆ ರಿಕ್ಷಾ ಹಿಡಿದು ಹೋದರು.

ಅವರು ಮತ್ತೆ ಒಂದಾಗಲಿಲ್ಲ. ಹೊಸ ಚಂದಾ ಕಟ್ಟುವಾಗ ಆಕೆ ಶನಿವಾರವನ್ನೇ, ಅವರು ರವಿವಾರವನ್ನೇ ಬೇಡಿದರು. ಆದರೆ ಆಕೆ ಟಿಕೆಟ್ ಬದಲಿಸುವುದಿಲ್ಲದಿದ್ದರೂ ನನಗೆ ಫೋನ್ ಮಾಡತೊಡಗಿದರು. ಗುರುವಾರ ಕೋಣೆಗೆ ಬೀಗ ಹಾಕಿ ನೇರ ಅವರ ಮನೆಗೆ ಹೋಗುವುದು ರೂಢಿಯಾಯಿತು. ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಶೇಂಗಾ ಹುರಿಯುತ್ತಿದ್ದೆ. ಒಂದೊಂದು ದಿನ ಎರಡು ಗಂಟೆಯಲ್ಲಿ ನಾಲ್ಕು ಮಾತು ಕೂಡ ಆಗುತ್ತಿರಲಿಲ್ಲ. ಹೊರಡುವಾಗ ಒಮ್ಮೊಮ್ಮೆ ಕೆಂಪು ಖಾರದ ಚಟ್ನಿಯ ಪೊಟ್ಟಣ ಕೈಗಿಟ್ಟು, ರವಿವಾರ ಅವರು ಬಂದಾಗ ಕೊಡ್ರಿ ಎನ್ನುತ್ತಿದ್ದರು. ನಾನು ಕೊಡುತ್ತಿದ್ದೆ.

ಮಳೆಗಾಲದಲ್ಲಿ ನನ್ನ ಗಂಡನ ವರ್ಷಾಂತಿಕ ಬಂತು. ಮೈದುನ ಧಾರವಾಡದಿಂದ ಬಂದು ವಿಧಿ ಮಾಡಿದ. ಊಟಕ್ಕೆ ಅವರಿಬ್ಬರನ್ನೂ ಕರೆದಿದ್ದೆ. ಆಕೆ ಬೆಳಿಗ್ಗೆಯೇ ಬಂದು ಅಡುಗೆಯವರ ಜೊತೆ ನಿಂತರು. ಅವರು ಊಟದ ಹೊತ್ತಿಗೆ ಕೊಡೆ ಹಿಡಿದು ಬಂದು ಗಂಡಸರ ಪಂಕ್ತಿಯ ಕೊನೆಯಲ್ಲಿ ಕೂತರು. ನಾನು ಸಾರು ಬಡಿಸುತ್ತಿದ್ದೆ. ಅವರ ಎಲೆಯ ಹತ್ತಿರ ಬಂದಾಗ ಅವರು ತಲೆ ಎತ್ತಿ, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು.

"ನಿಮ್ಮ ಮನಿಯವ್ರಿಗೆ ಊಟದಾಗ ಏನು ಸೇರ್ತಿತ್ರಿ?"

ಹೇಳಲು ಬಾಯಿ ತೆರೆದೆ. ಸಾರಿನ ಪಾತ್ರೆಯನ್ನು ಅಲ್ಲೇ ನೆಲದ ಮೇಲಿಟ್ಟು ಹಿಂದಿನ ಬಾಗಿಲಿಂದ ಹೊರಗೆ ಹೋದೆ. ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ನಿಂತು ಅತ್ತೆ. ಸದ್ದು ಬರುವ ಹಾಗೆ ಅತ್ತೆ. ಪಾತ್ರೆ ತಿಕ್ಕುತ್ತಿದ್ದ ಹೆಂಗಸು ನಲ್ಲಿ ಬಂದ್ ಮಾಡಿ, ಸ್ವಲ್ಪ ಸರಿದು ಜಾಗ ಕೊಟ್ಟಳು. ಮುಖ ತೊಳೆದುಕೊಂಡು ಒಳಗೆ ಬಂದಾಗ ಬೆಳಗಾವಿಯಾಕೆ ಆ ಸಾರಿನ ಪಾತ್ರೆ ಎತ್ತಿಕೊಂಡು ಪಂಕ್ತಿಗೆ ಬಡಿಸುತ್ತಿದ್ದರು. ನಾನು ಅನ್ನದ ಬುಟ್ಟಿ ಹಿಡಿದು ಅವರ ಹಿಂದೆ ನಡೆದೆ.